ತಡ ಮಾಡಿದವರು ಯಾರು?

ನಲವತ್ತೊಂದನೆಯ ವಯಸ್ಸಿನಲ್ಲಿ ಬಿ.ಎಡ್.ಗೆ ಅರ್ಜಿ ಹಾಕುವ ಹೆಂಗಸನ್ನು ನಮ್ಮ ಊರು ಮೂರು ಬಗೆಯಲ್ಲಿ ನೋಡುತ್ತದೆ. ಪಾಪ, ಮನೆಯಲ್ಲಿ ಏನೋ ತೊಂದರೆ ಇರಬೇಕು ಎಂದು ಕೆಲವರು. ಮಾಡಲು ಬೇರೆ ಕೆಲಸವಿಲ್ಲ ಎಂದು ಕೆಲವರು. ನಾಲ್ಕು ದಿನದ ಹುರುಪು ಎಂದು ಉಳಿದವರು. ಅವಳಿಗೆ ಕಲಿಸುವ ಆಸೆ ಇರಬಹುದು ಎಂಬ ನಾಲ್ಕನೆಯ ಕಾರಣ ಮಾತ್ರ ಯಾರಿಗೂ ಹೊಳೆಯುವುದಿಲ್ಲ. ಸೈಬರ್ ಸೆಂಟರಿನ ಹುಡುಗ "ಮಗಳ ಅರ್ಜಿನಾ ಆಂಟಿ?" ಎಂದ. ನಾದಿನಿ "ಈಗ್ಯಾಕೆ ಅತ್ತಿಗೆ, ತುಂಬಾ ತಡವಾಯ್ತಲ್ಲ" ಎಂದಳು. ಹುಡುಗನ ಮಾತಿಗೆ ನಕ್ಕು ಸುಮ್ಮನಾದೆ. ನಾದಿನಿಯ ಮಾತಿಗೆ ಉತ್ತರ ಕೊಡಲೇಬೇಕು. ಏಕೆಂದರೆ ಅದು ಅವಳೊಬ್ಬಳ ಮಾತಲ್ಲ.

ತಡವಾದದ್ದು ನಿಜ. ತಡ ಮಾಡಿದವರು ಯಾರು? 2004ರಲ್ಲಿ ನಾನು ಬಿ.ಎ. ಮುಗಿಸಿದಾಗ ಬಿ.ಎಡ್. ಒಂದೇ ವರ್ಷದ್ದು. "ಮದುವೆಯಾದ ಮೇಲೆ ಓದಿಕೋ" ಎಂದರು ತವರಿನಲ್ಲಿ. "ಮಗು ದೊಡ್ಡದಾಗಲಿ" ಎಂದರು ಅತ್ತೆಮನೆಯಲ್ಲಿ. ಅದು ದೊಡ್ಡದಾಗುವಷ್ಟರಲ್ಲಿ ಇನ್ನೊಂದು. ಅದು ಶಾಲೆಗೆ ಹೋಗುವಷ್ಟರಲ್ಲಿ ಮಾವನವರಿಗೆ ಲಕ್ವ. ಯಾರೂ ಕೆಟ್ಟವರಲ್ಲ, ಯಾರೂ ಬೇಡ ಎನ್ನಲಿಲ್ಲ. "ಮುಂದಿನ ವರ್ಷ ನೋಡೋಣ" ಎಂದರು, ಅಷ್ಟೆ. ಹೆಣ್ಣಿಗೆ 'ಬೇಡ' ಎನ್ನುವ ಮರ್ಯಾದಸ್ಥ ರೀತಿ ಅದು. ಹಾಗೆ ನೋಡುತ್ತಿರುವಾಗಲೇ 2015ರಿಂದ ಬಿ.ಎಡ್. ಎರಡು ವರ್ಷದ್ದಾಯಿತು.

ಬುದ್ಧಿ ಹೇಳುವವರು ಕಾನೂನನ್ನಾದರೂ ಓದಿದ್ದಾರೆಯೇ? ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿ ಬಿ.ಎಡ್.ಗೆ ಸೇರುವವರಿಂದ ಪದವಿ ಕೇಳುತ್ತದೆ, ಅಂಕ ಕೇಳುತ್ತದೆ; ವಯಸ್ಸಿಗೆ ಮಿತಿ ಹಾಕಿಲ್ಲ. "ಮನೆಯಲ್ಲೇ ಕೂತು ದೂರಶಿಕ್ಷಣದಲ್ಲಿ ಮಾಡಬಾರದೇ?" ಎನ್ನುತ್ತಾರೆ. ಆ ನಿಯಮಾವಳಿಯ ಪ್ರಕಾರ ದೂರಶಿಕ್ಷಣದ ಬಿ.ಎಡ್. ಈಗಾಗಲೇ ಶಿಕ್ಷಕ ತರಬೇತಿ ಪಡೆದವರಿಗೆ ಮಾತ್ರ. ಮನೆಬಿಟ್ಟು ಹೋಗಲಾಗದ ಗೃಹಿಣಿಗೇ ಆ ಬಾಗಿಲು ಮುಚ್ಚಿದೆ. ಇನ್ನು ಕಾಲೇಜಿನಲ್ಲಿ ಶೇಕಡಾ 80ರಷ್ಟು ಹಾಜರಾತಿ, ಶಾಲೆಯಲ್ಲಿ 20 ವಾರಗಳ ಇಂಟರ್ನ್‌ಶಿಪ್, ಅದಕ್ಕೆ ಶೇಕಡಾ 90. ನಾನು ಇದನ್ನು ವಿರೋಧಿಸುವವಳಲ್ಲ. ಮಕ್ಕಳೆದುರು ನಿಲ್ಲದೆ ಯಾರೂ ಮೇಷ್ಟರಾಗುವುದಿಲ್ಲ. ಇಪ್ಪತ್ತು ವರ್ಷ ಒಂದು ದಿನವೂ ಗೈರಾಗದೆ ಒಲೆಯ ಮುಂದೆ ಹಾಜರಾದವಳಿಗೆ ಹಾಜರಾತಿಯ ಭಯವೇ? ಆದರೆ ಈ ಎರಡು ವರ್ಷವೂ ಒಲೆಯ ಮುಂದೆ ಶೇಕಡಾ ನೂರು ಹಾಜರಿ ಬೇಕೆಂದು ಕೇಳುವ ಮನೆಯವರನ್ನು ಮಾತ್ರ ಪ್ರಶ್ನಿಸುತ್ತೇನೆ.

ದೊಡ್ಡ ಅನ್ಯಾಯ ಇರುವುದು ಮುಂದೆ, ನೇಮಕಾತಿಯಲ್ಲಿ. ಓದಲು ಇಲ್ಲದ ವಯಸ್ಸಿನ ಮಿತಿ ಸರ್ಕಾರಿ ಕೆಲಸಕ್ಕೆ ಇದೆ. ಮಾಜಿ ಸೈನಿಕರಿಗೆ ಅವರು ಸೇನೆಯಲ್ಲಿ ಕಳೆದ ವರ್ಷಗಳ ಜೊತೆಗೆ ಇನ್ನೂ 3 ವರ್ಷ ಸಡಿಲಿಕೆ ಸಿಗುತ್ತದೆ. ಸಿಗಬೇಕಾದದ್ದೇ. ವಿಧವೆಯರಿಗೆ ನಮ್ಮ ರಾಜ್ಯದಲ್ಲಿ 10 ವರ್ಷ ಸಡಿಲಿಕೆ ಇದೆ. ಅದೂ ಬೇಕಾದದ್ದೇ. ಹಾಗಾದರೆ ಹಾಸಿಗೆ ಹಿಡಿದ ಮಾವನನ್ನು ನೋಡಿಕೊಂಡು, ಎರಡು ಮಕ್ಕಳನ್ನು ಸಾಕಿ, ಮನೆ ನಡೆಸಿದವಳ ವರ್ಷಗಳು ಯಾವ ಲೆಕ್ಕದಲ್ಲಿವೆ? ದೇಶ ಕಾದವನ ವರ್ಷಗಳನ್ನು ಸರ್ಕಾರ ಎಣಿಸುತ್ತದೆ. ಮನೆ ಕಾದವಳ ವರ್ಷಗಳು ಎಣಿಕೆಗೆ ಬರಬೇಕಾದರೆ ಅವಳ ಗಂಡ ಸಾಯಬೇಕು! ಇದೆಂಥ ಲೆಕ್ಕ? ಟಿಇಟಿ ಪ್ರಮಾಣಪತ್ರ ಮೊದಲು 7 ವರ್ಷಕ್ಕೆ ಹಳತಾಗುತ್ತಿತ್ತು. 2021ರಲ್ಲಿ ಕೇಂದ್ರ ಸರ್ಕಾರ ಅದಕ್ಕೆ ಜೀವನಪೂರ್ತಿ ಮಾನ್ಯತೆ ಕೊಟ್ಟಿತು. ಕಾಗದಕ್ಕೆ ವಯಸ್ಸಾಗುವುದಿಲ್ಲವಂತೆ, ಅದನ್ನು ಗಳಿಸಿದ ಹೆಂಗಸಿಗೆ ಮಾತ್ರ ವಯಸ್ಸಾಗುತ್ತದಂತೆ.

"ಚಿಕ್ಕ ಹುಡುಗಿಯೊಬ್ಬಳ ಸೀಟು ತಪ್ಪಿಸಿದೆಯಲ್ಲ" ಎಂದವರೂ ಇದ್ದಾರೆ. ಸೀಟು ಸಿಗುವುದು ಅಂಕ ಮತ್ತು ಮೀಸಲಾತಿಯ ಪ್ರಕಾರ. ನಾನು ಯಾರ ಕೈಯಿಂದಲೂ ಕಿತ್ತುಕೊಂಡಿಲ್ಲ. ನಲವತ್ಮೂರಕ್ಕೆ ಮುಗಿಸಿದರೂ ಅರವತ್ತರ ನಿವೃತ್ತಿಗೆ ಇನ್ನೂ 17 ವರ್ಷ ಇರುತ್ತದೆ. ಒಂದನೆಯ ತರಗತಿಗೆ ಸೇರಿದ ಮಗು ಪಿಯುಸಿ ಮುಗಿಸಲು 12 ವರ್ಷ ಸಾಕು. ಸರ್ಕಾರಿ ಶಾಲೆ ಬೇಡವೆಂದರೆ ಖಾಸಗಿ ಶಾಲೆ, ಅದೂ ಇಲ್ಲವೆಂದರೆ ಜಗಲಿಯಲ್ಲಿ ಬೀದಿಯ ಮಕ್ಕಳಿಗೆ ಪಾಠ. ಕಲಿತದ್ದು ಎಲ್ಲಿಯೂ ವ್ಯರ್ಥವಾಗದು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನೂ ನನ್ನ ಮೇಲೆ ಎಸೆದಿದ್ದಾರೆ. ಸ್ವಾಮಿ, ಗಿಡವಾಗಿದ್ದಾಗಿನಿಂದ ನಾವು ಬಗ್ಗಿಕೊಂಡೇ ಇದ್ದೇವೆ; ಗುಡಿಸಲು, ಒರೆಸಲು, ಬಡಿಸಲು, ಕಾಲಿಗೆ ಬೀಳಲು. ನಮಗೀಗ ಕಲಿಯಬೇಕಿರುವುದು ಬಗ್ಗುವುದನ್ನಲ್ಲ, ನೆಟ್ಟಗೆ ನಿಲ್ಲುವುದನ್ನು.

ಆದ್ದರಿಂದ ಗೆಳತಿಯರೇ, ಟ್ರಂಕಿನ ತಳದಲ್ಲಿ ನಿಮ್ಮದೂ ಒಂದು ಪದವಿ ಪ್ರಮಾಣಪತ್ರ ಇದ್ದರೆ ತೆಗೆದು ಬಿಸಿಲಿಗೆ ಹಿಡಿಯಿರಿ. ಮನೆವಾರ್ತೆಯ ವರ್ಷಗಳನ್ನೂ ಸೇವೆಯೆಂದು ಎಣಿಸಿ ವಯೋಮಿತಿ ಸಡಿಲಿಸಿರೆಂದು ನಿಮ್ಮ ಶಾಸಕರಿಗೆ ಒಂದು ಕಾಗದ ಬರೆಯಿರಿ. ಮನೆಯಲ್ಲಿ ಸೊಸೆಯೋ ಮಗಳೋ ಓದುತ್ತೇನೆಂದರೆ 'ಮುಂದಿನ ವರ್ಷ' ಎಂಬ ಮಾತು ಮಾತ್ರ ನಿಮ್ಮ ಬಾಯಿಂದ ಬಾರದಿರಲಿ. ಆ ಮುಂದಿನ ವರ್ಷ ಬರಲು ನನಗೆ ಇಪ್ಪತ್ತು ವರ್ಷ ಹಿಡಿಯಿತು.