ಆಪರೇಷನ್ ಆಗಿದೆ ಎಂದು ಟ್ರೈನರಿಗೆ ಹೇಳಿ

ಸ್ತನದ ಗಾತ್ರ ಹೆಚ್ಚಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹೆಂಗಸರು ನನ್ನ ಹತ್ತಿರ ಬರುವುದು ಹೆಚ್ಚಾಗಿ ಭುಜ ನೋವಿನ ನೆಪದಲ್ಲಿ. ಬೆಂಗಳೂರಿನ ವಿಜಯನಗರದಲ್ಲಿ ನನ್ನದೊಂದು ಸಣ್ಣ ಫಿಸಿಯೋಥೆರಪಿ ಕ್ಲಿನಿಕ್ ಇದೆ. ಪರದೆ ಎಳೆದು, ಹೊರಗೆ ಕೂತವರಿಗೆ ಕೇಳಿಸುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಅವರು ನಿಜ ಸಂಗತಿ ಹೇಳುವುದು. ಮನೆಯಲ್ಲಿ ‘ಗಡ್ಡೆ ತೆಗೆಸಿದ್ದು’ ಎಂದಿರುತ್ತಾರೆ. ಜಿಮ್ಮಿನಲ್ಲಂತೂ ಬಾಯಿಯನ್ನೇ ಬಿಟ್ಟಿರುವುದಿಲ್ಲ. ಯಾಕೆ ಮಾಡಿಸಿಕೊಂಡಿರಿ ಎಂದು ನಾನು ಕೇಳುವುದಿಲ್ಲ. ದೇಹ ಅವರದು, ನಿರ್ಧಾರ ಅವರದು. ಆದರೆ ಮುಚ್ಚಿಟ್ಟದ್ದರಿಂದಲೇ ಚೇತರಿಕೆ ಹಾಳಾಗುವುದನ್ನು ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಒಬ್ಬ ಹುಡುಗಿ ಮೂರನೇ ವಾರಕ್ಕೇ ಜಿಮ್ಮಿಗೆ ಹೋದಳು. ಅವಳಿಗೆ ಕೈ ಪೂರ್ತಿ ಮೇಲೆತ್ತಲು ಆಗದ್ದನ್ನು ಕಂಡ ಟ್ರೈನರ್, ಭುಜ ಹಿಡಿದುಕೊಂಡಿದೆ ಎಂದುಕೊಂಡು ತೋಳನ್ನು ಹಿಂದಕ್ಕೆ ಎಳೆದು ಸಡಿಲಿಸಿದ. ಆಮೇಲೆ ಗೋಡೆಗೆ ಕೈಯೂರಿ ಪುಷ್‌ಅಪ್ ಮಾಡಿಸಿದ. ಸಂಜೆಯ ಹೊತ್ತಿಗೆ ಬಲಗಡೆ ಊದಿಕೊಂಡು ಕಲ್ಲಿನಂತೆ ಬಿಗಿಯಿತು. ಒಳಗೆ ರಕ್ತ ತುಂಬಿಕೊಂಡಿತ್ತು. ಅವಳು ಮತ್ತೆ ಆಪರೇಷನ್ ಥಿಯೇಟರಿಗೆ ಹೋಗಬೇಕಾಯಿತು. ಟ್ರೈನರನ್ನು ನಾನು ದೂರುವುದಿಲ್ಲ. ವಿಷಯ ತಿಳಿದಿದ್ದರೆ ಅವನು ಆ ತೋಳನ್ನು ಮುಟ್ಟುತ್ತಲೇ ಇರಲಿಲ್ಲ.

ಇಂಪ್ಲಾಂಟನ್ನು ಸ್ತನದ ಗ್ರಂಥಿಯ ಹಿಂದೆ, ಸ್ನಾಯುವಿನ ಮೇಲೆ ಇಡಬಹುದು. ಇಲ್ಲವೇ ಎದೆಯ ದೊಡ್ಡ ಸ್ನಾಯುವಾದ ಪೆಕ್ಟೊರಾಲಿಸ್ ಮೇಜರ್ ಅಡಿಯಲ್ಲಿ ಇಡಬಹುದು. ಸ್ನಾಯುವಿನ ಅಡಿಯಲ್ಲಿ ಇಡುವಾಗ ಸಾಮಾನ್ಯವಾಗಿ ಅದರ ಕೆಳಅಂಚನ್ನು ಪಕ್ಕೆಲುಬಿನಿಂದ ಬಿಡಿಸಿ ಜಾಗ ಮಾಡುತ್ತಾರೆ. ಈ ಸ್ನಾಯು ಎದೆಗೂಡಿನಿಂದ ಹೊರಟು ತೋಳಿನ ಮೂಳೆಗೆ ಸೇರುತ್ತದೆ. ಬಾಗಿಲು ತಳ್ಳುವಾಗ, ಮಗುವನ್ನು ಅಪ್ಪಿಕೊಳ್ಳುವಾಗ ದುಡಿಯುವುದು ಇದೇ. ಹೊರಗಿನ ಹೊಲಿಗೆ ಒಣಗಿದರೂ ಒಳಗಿನ ಗಾಯ ಮಾಗಲು ವಾರಗಟ್ಟಲೆ ಬೇಕು. ಆ ಅವಧಿಯಲ್ಲಿ ಎದೆಬಡಿತ, ರಕ್ತದೊತ್ತಡ ಜೋರಾಗಿ ಏರಿದರೆ ಒಳಗೆ ರಕ್ತ ಸೋರುವ ಅಪಾಯವಿದೆ. ಇಂಪ್ಲಾಂಟಿನ ಸುತ್ತ ದೇಹ ತಾನಾಗಿಯೇ ತೆಳುವಾದ ಪೊರೆ ಕಟ್ಟಿಕೊಳ್ಳುತ್ತದೆ. ರಕ್ತ ಶೇಖರವಾದರೆ ಅಥವಾ ಸೋಂಕು ತಗುಲಿದರೆ ಆ ಪೊರೆ ಮುಂದೆ ಗಟ್ಟಿಯಾಗಿ ಬಿಗಿಯುವ ಸಾಧ್ಯತೆ ಹೆಚ್ಚು.

ಹಾಗೆಂದು ಹಾಸಿಗೆ ಹಿಡಿದು ಮಲಗುವುದೂ ತಪ್ಪು. ಮೊದಲ ದಿನದಿಂದಲೇ ಮನೆಯೊಳಗೆ ನಿಧಾನವಾಗಿ ಓಡಾಡಿದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ತಗ್ಗುತ್ತದೆ. ಎರಡು ಮೂರು ವಾರ ಕಳೆದ ಮೇಲೆ ನಡಿಗೆಯ ವೇಗ ಹೆಚ್ಚಿಸಬಹುದು, ಕೈಗೆ ಭಾರ ಬೀಳದಂತೆ ನಿಂತಲ್ಲೇ ತುಳಿಯುವ ಸೈಕಲ್ ತುಳಿಯಬಹುದು. ಓಟ, ಜಿಗಿತ, ಭಾರ ಎತ್ತುವುದು ಸಾಮಾನ್ಯವಾಗಿ 6 ವಾರದ ನಂತರ. ಬೆಂಚ್ ಪ್ರೆಸ್, ಪುಷ್‌ಅಪ್‌ನಂಥ ಎದೆಯ ವ್ಯಾಯಾಮಗಳಿಗೆ ಇನ್ನೂ ಕಾಯಬೇಕು, ಅದರಲ್ಲೂ ಇಂಪ್ಲಾಂಟ್ ಸ್ನಾಯುವಿನ ಅಡಿಯಲ್ಲಿದ್ದರೆ 3 ತಿಂಗಳವರೆಗೂ ಆಗಬಹುದು. ಗಾಯ ಪೂರ್ತಿ ಮಾಗುವ ತನಕ ಈಜುಕೊಳ ಬೇಡ. ಇದು ಸಾಮಾನ್ಯ ಲೆಕ್ಕ. ನಿಮ್ಮ ದೇಹದ ಲೆಕ್ಕ ಹೇಳಬೇಕಾದವರು ಆಪರೇಷನ್ ಮಾಡಿದ ಸರ್ಜನ್.

ಸರ್ಜನ್‌ಗಳ ಬಗ್ಗೆ ನನಗೊಂದು ತಕರಾರಿದೆ. ಮನೆಗೆ ಕಳಿಸುವಾಗ ಒಂದು ಇಂಗ್ಲಿಷ್ ಚೀಟಿ ಕೊಡುತ್ತಾರೆ, ಆರು ವಾರ ಶ್ರಮದ ಕೆಲಸ ಮಾಡಬೇಡಿ ಎಂದು. ನಮ್ಮ ಹೆಂಗಸರು ಅದನ್ನು ಓದಿ ಜಿಮ್ಮಿಗಷ್ಟೇ ರಜೆ ಹಾಕುತ್ತಾರೆ. ‘ನಾನು ಭಾರ ಏನೂ ಎತ್ತಿಲ್ಲ ಮೇಡಂ’ ಎಂದವರನ್ನು ಕೂರಿಸಿಕೊಂಡು ಬೆಳಿಗ್ಗೆಯಿಂದ ಏನೇನು ಮಾಡಿದಿರಿ ಎಂದು ಕೇಳಿದ್ದೇನೆ. ಆರು ಜನರಿಗೆ ಮುದ್ದೆ ತಿರುವಿದ್ದಾರೆ. ಪಾತ್ರೆಯನ್ನು ಅಲ್ಲಾಡದಂತೆ ಒತ್ತಿ ಹಿಡಿದು, ಗಟ್ಟಿ ಹಿಟ್ಟಿನೊಳಗೆ ಕೋಲಾಡಿಸುವಾಗ ಎದೆಯ ಸ್ನಾಯು ಎಷ್ಟು ಬಿಗಿಯುತ್ತದೆ ಎಂಬುದು ತಿರುವಿದವರಿಗೇ ಗೊತ್ತು. 20 ಲೀಟರಿನ ನೀರಿನ ಕ್ಯಾನನ್ನು ಎತ್ತಿ ಸ್ಟ್ಯಾಂಡಿಗೆ ಬೋರಲು ಹಾಕಿದ್ದಾರೆ, ಅದು ಬರೀ ನೀರೇ 20 ಕಿಲೋ. ಒದ್ದೆ ಬೆಡ್‌ಶೀಟ್ ಹಿಂಡಿ ತಲೆಗಿಂತ ಎತ್ತರದ ತಂತಿಗೆ ಹಾಕಿದ್ದಾರೆ. ಸ್ಕೂಟರನ್ನು ಡಬಲ್ ಸ್ಟ್ಯಾಂಡಿಗೆ ಎಳೆದಿದ್ದಾರೆ. ಈ ಕೆಲಸಗಳಲ್ಲಿ ಒಂದಾದರೂ ಚೀಟಿಯಲ್ಲಿ ಇರುವುದಿಲ್ಲ. ಸರ್ಜನ್‌ಗಳು ಇವುಗಳ ಹೆಸರು ಹಿಡಿದೇ, ಕನ್ನಡದಲ್ಲಿ, ಬರೆದು ಕೊಡಬೇಕು.

ಯೋಗವಾದರೆ ಪರವಾಗಿಲ್ಲ ಎಂಬ ನಂಬಿಕೆಯೂ ಬಲವಾಗಿದೆ. ಸೂರ್ಯನಮಸ್ಕಾರದ ಒಂದು ಸುತ್ತನ್ನೇ ಗಮನಿಸಿ. ಕೈಯೂರಿ ಹಲಗೆಯಂತೆ ನಿಲ್ಲುವುದು, ಎದೆ ನೆಲಕ್ಕೆ ತಾಗಿಸುವುದು, ಭುಜಂಗಾಸನದಲ್ಲಿ ಎದೆ ಹಿಗ್ಗಿಸುವುದು, ಪರ್ವತಾಸನದಲ್ಲಿ ಮೈಭಾರ ಅಂಗೈಗೆ ಬಿಡುವುದು, ಇಷ್ಟೂ ಮಾಗುತ್ತಿರುವ ಸ್ನಾಯುವಿನ ಮೇಲೆಯೇ ಬೀಳುತ್ತವೆ. ಮೈಸೂರಿನ ಅಷ್ಟಾಂಗ ಪದ್ಧತಿಯಲ್ಲಿ ಚತುರಂಗ ದಂಡಾಸನ ಮತ್ತೆ ಮತ್ತೆ ಬರುತ್ತದೆ. ಅದನ್ನು ಅಭ್ಯಾಸ ಮಾಡುವವರು ಎಲ್ಲರಿಗಿಂತ ಹೆಚ್ಚು ತಾಳ್ಮೆ ಇಟ್ಟುಕೊಳ್ಳಬೇಕು.

ರುಮೇನಿಯಾದ ಟೆನಿಸ್ ಆಟಗಾರ್ತಿ ಸಿಮೋನಾ ಹಾಲೆಪ್ 2009ರಲ್ಲಿ ಸ್ತನದ ಗಾತ್ರ ಕಡಿಮೆ ಮಾಡಿಸಿಕೊಂಡರು. ಅವರದು ಬೇರೆ ಬಗೆಯ ಶಸ್ತ್ರಚಿಕಿತ್ಸೆ ನಿಜ. ಆದರೆ ಅದರ ಬಗ್ಗೆ ಅವರು ಮುಚ್ಚುಮರೆಯಿಲ್ಲದೆ ಮಾತಾಡಿದರು, ಮುಂದೆ 2018ರಲ್ಲಿ ಫ್ರೆಂಚ್ ಓಪನ್, 2019ರಲ್ಲಿ ವಿಂಬಲ್ಡನ್ ಗೆದ್ದರು. ಎಲ್ಲರೂ ಊರಿಗೆಲ್ಲ ಹೇಳಬೇಕೆಂದು ನಾನು ಕೇಳುತ್ತಿಲ್ಲ. ‘ಎದೆಯ ಆಪರೇಷನ್ ಆಗಿದೆ, ಇಂಥ ತಾರೀಖಿನ ತನಕ ಕೈಗೆ ಭಾರ ಬೇಡ’ ಎಂದರೆ ಸಾಕು. ಅದಕ್ಕಿಂತ ಹೆಚ್ಚು ಕೆದಕುವ ಟ್ರೈನರ್ ಸಿಕ್ಕಿದರೆ ಬೇರೆ ಜಿಮ್ ನೋಡಿಕೊಳ್ಳಿ.

ಒಂದೇ ಕಡೆ ಏಕಾಏಕಿ ಊತ, ಹೆಚ್ಚುತ್ತಿರುವ ನೋವು, ಕೆಂಪು, ಜ್ವರ, ಹೊಲಿಗೆಯಿಂದ ಸೋರಿಕೆ ಕಂಡರೆ ಅವತ್ತೇ ಸರ್ಜನ್‌ಗೆ ಫೋನ್ ಮಾಡಿ. ಮೀನಖಂಡ ನೋವಾಗಿ ಊದಿದರೆ ಅಥವಾ ಉಸಿರು ಕಟ್ಟಿದಂತಾದರೆ ನೇರವಾಗಿ ಎಮರ್ಜೆನ್ಸಿಗೆ ಹೋಗಿ. ಅತ್ತೆಗೆ ಏನು ಹೇಳಲಿ ಎಂಬ ಯೋಚನೆ ಆಮೇಲಿರಲಿ.

ಜಿಮ್ ಮತ್ತು ಯೋಗ ಕೇಂದ್ರ ನಡೆಸುವವರಲ್ಲಿ ನನ್ನದೊಂದು ಕೋರಿಕೆ. ಸದಸ್ಯತ್ವದ ಅರ್ಜಿಯಲ್ಲಿ ಬಿಪಿ, ಶುಗರ್ ಎಂದು ಕೇಳುವ ಜಾಗದ ಕೆಳಗೆ ಇನ್ನೊಂದು ಸಾಲು ಸೇರಿಸಿ: ‘ಕಳೆದ ಒಂದು ವರ್ಷದಲ್ಲಿ ಯಾವುದಾದರೂ ಆಪರೇಷನ್ ಆಗಿದೆಯೇ? ಯಾವ ಚಲನೆ ಬೇಡವೆಂದು ವೈದ್ಯರು ಹೇಳಿದ್ದಾರೆ?’ ಬರೆದ ಕಾಗದ ಟ್ರೈನರ್ ಒಬ್ಬರ ಕೈಯಲ್ಲೇ ಇರಲಿ, ರಿಸೆಪ್ಷನ್ ಮೇಜಿನ ಮೇಲೆ ಬೇಡ.