ದೆವ್ವದ ಕತೆ ಓದಲಿ ಬಿಡಿ

ಅಕ್ಟೋಬರ್ 31ರ ರಾತ್ರಿ ಪಶ್ಚಿಮದ ದೇಶಗಳಲ್ಲಿ ಹ್ಯಾಲೋವೀನ್ ಎಂಬ ಆಚರಣೆ. ಮರುದಿನ, ಅಂದರೆ ನವೆಂಬರ್ 1, ಅವರಿಗೆ ಸಕಲ ಸಂತರ ದಿನ. ಅದರ ಹಿಂದಿನ ರಾತ್ರಿ ಸತ್ತವರ ಆತ್ಮಗಳು ತಿರುಗಾಡುತ್ತವೆ ಎಂಬುದು ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಹಳೆಯ ನಂಬಿಕೆ. ಕುಂಬಳಕಾಯಿಗೆ ಕಣ್ಣು ಬಾಯಿ ಕೊರೆದು ಒಳಗೆ ದೀಪ ಇಡುತ್ತಾರೆ. ಮಕ್ಕಳು ದೆವ್ವದ ವೇಷ ಹಾಕಿಕೊಂಡು ಮನೆ ಮನೆಗೆ ಹೋಗಿ ಮಿಠಾಯಿ ಕೇಳುತ್ತಾರೆ. ಈಗ ಇದು ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೂ ಬಂದಿದೆ. ನಮ್ಮ ಬೆಳ್ಳಾವಿಗೆ ಇನ್ನೂ ಬಂದಿಲ್ಲ, ಬರುವ ಅಗತ್ಯವೂ ಇಲ್ಲ ಅನ್ನಿ. ಮಹಾಲಯ ಅಮಾವಾಸ್ಯೆಗೆ ಎಡೆ ಇಟ್ಟು ಹಿರಿಯರನ್ನು ನೆನೆಯುವಲ್ಲಿಂದ ನರಕ ಚತುರ್ದಶಿಯವರೆಗೆ ನಮ್ಮಲ್ಲಿಯೂ ಅದೇ ಕಾಲ, ಅದೇ ಕತ್ತಲು. ಅವರ ಸಂತರ ದಿನವೇ ನಮಗೆ ರಾಜ್ಯೋತ್ಸವ. ಆದ್ದರಿಂದ ಕನ್ನಡದಲ್ಲಿ ಓದಲು ಸಿಗುವ ನಾಲ್ಕಾರು ಭಯದ ಕತೆಗಳ ವಿಷಯ ಮಾತಾಡಲು ಇದಕ್ಕಿಂತ ಒಳ್ಳೆಯ ವಾರ ಸಿಕ್ಕದು.

ವಿಜ್ಞಾನದ ಮೇಷ್ಟ್ರಿಗೆ ದೆವ್ವದ ಕತೆಯ ಉಸಾಬರಿ ಏಕೆ ಎಂದು ಕೇಳುವವರಿದ್ದಾರೆ. ಪೋಷಕರ ಸಭೆಗಳಲ್ಲಿ ನಾನು ಹಲವು ಸಲ ಕೇಳಿದ ದೂರು ಒಂದೇ: "ಸಾರ್, ಹುಡುಗ ಬರೀ ಅದನ್ನೇ ಓದ್ತಾನೆ, ನೀವಾದ್ರೂ ಬುದ್ಧಿ ಹೇಳಿ." ನಾನು ಹುಡುಗರಿಗಿಂತ ಹೆಚ್ಚಾಗಿ ಅದನ್ನೇ ಓದಿ ಬೆಳೆದವನು, ಈಗಲೂ ಓದುವವನು. ನಮ್ಮ ಊರಿನ ಹೆಸರನ್ನು ತಮ್ಮ ಹೆಸರಿನಲ್ಲೇ ಹೊತ್ತ ಬೆಳ್ಳಾವೆ ವೆಂಕಟನಾರಣಪ್ಪನವರು ಭೌತಶಾಸ್ತ್ರದ ಪ್ರಾಧ್ಯಾಪಕರು. 1918ರಲ್ಲಿ ಆರಂಭವಾದ ಕನ್ನಡದ 'ವಿಜ್ಞಾನ' ಮಾಸಪತ್ರಿಕೆಯ ಸಂಪಾದಕರಾಗಿದ್ದವರು. ಅವರೇ ಪಂಪಭಾರತದ ಪರಿಷ್ಕರಣೆಗೂ ಕೂತರು. ವಿಜ್ಞಾನ ಒಂದು ಕೋಣೆ, ಸಾಹಿತ್ಯ ಇನ್ನೊಂದು ಕೋಣೆ, ನಡುವೆ ಬೀಗ ಎಂದು ಅವರಿಗೆ ಅನ್ನಿಸಿದ್ದಂತೆ ಕಾಣೆ.

ಮೊದಲು ಒಂದು ವ್ಯತ್ಯಾಸ ಹೇಳಬೇಕು. 1990ರ ದಶಕದಲ್ಲಿ ಮನೆ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದಿದ್ದು ಇಂದಿನ ಬಹಳಷ್ಟು ತಂದೆತಾಯಂದಿರಿಗೆ ನೆನಪಿರಬಹುದು. ರಾತ್ರಿ ಹೆಣ್ಣು ದೆವ್ವವೊಂದು ಬಂದು ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆರೆದವರು ಉಳಿಯುವುದಿಲ್ಲ ಎಂದು ಸುದ್ದಿ. ಬಾಗಿಲ ಮೇಲಿನ ಬರಹ ಓದಿ ಅದು ಹಿಂತಿರುಗಬೇಕು, ಮರುದಿನ ಬಂದರೆ ಮತ್ತೆ ಅದೇ ಬರಹ. ತರ್ಕವೇನೋ ಸೊಗಸಾಗಿದೆ. 2018ರಲ್ಲಿ 'ಸ್ತ್ರೀ' ಎಂಬ ಹಿಂದಿ ಸಿನಿಮಾದವರೂ ಇದನ್ನು ಬಳಸಿಕೊಂಡರು. ಆಗ ಊರೂರಲ್ಲಿ ಸಾಕ್ಷರತಾ ಆಂದೋಲನ ನಡೆಯುತ್ತಿತ್ತು. ಹೆಬ್ಬೆಟ್ಟು ಒತ್ತುವ ಹಿರಿಯರು ಮೊಮ್ಮಕ್ಕಳ ಕೈಯಲ್ಲಿ ಸೀಮೆಸುಣ್ಣ ಕೊಟ್ಟು ಬಾಗಿಲ ಮೇಲೆ ಬರೆಸುತ್ತಿದ್ದರು. ದೆವ್ವಕ್ಕೆ ಮಾತ್ರ ಕನ್ನಡ ಸರಾಗವಾಗಿ ಓದಲು ಬರುತ್ತಿತ್ತು!

ನಗು ಬರುತ್ತದೆ, ಆದರೆ ಆ ದಿನಗಳಲ್ಲಿ ಮಕ್ಕಳು ನಿಜವಾಗಿ ನಡುಗಿದರು. ಏಕೆಂದರೆ ಅದು ಅವರಿಗೆ ಕತೆಯಾಗಿ ಬರಲಿಲ್ಲ, ಸುದ್ದಿಯಾಗಿ ಬಂತು. ಕತೆಗೆ ಕೊನೆಯ ಪುಟ ಇರುತ್ತದೆ, ಸಾಕೆನಿಸಿದರೆ ಪುಸ್ತಕ ಮುಚ್ಚಬಹುದು. ಸುದ್ದಿಗೆ ಆ ಅನುಕೂಲವಿಲ್ಲ. ಮಗು ಪುಸ್ತಕದ ದೆವ್ವಕ್ಕೆ ಹೆದರಿದರೆ ನನಗೆ ಚಿಂತೆಯಿಲ್ಲ. ದೊಡ್ಡವರು ಗಂಭೀರ ಮುಖ ಮಾಡಿಕೊಂಡು ಹೇಳುವ ದೆವ್ವದ ಬಗ್ಗೆಯೇ ನನಗೆ ಚಿಂತೆ.

"ದೆವ್ವ ಇಲ್ಲ ಅಂತ ಗೊತ್ತಿದ್ರೂ ಓದುವಾಗ ಯಾಕ್ ಸಾರ್ ಭಯ ಆಗುತ್ತೆ?" ಎಂದು ತರಗತಿಯಲ್ಲಿ ಕೇಳುತ್ತಾರೆ. ಮಿದುಳಿನಲ್ಲಿ ಬಾದಾಮಿ ಬೀಜದಾಕಾರದ ಅಮಿಗ್ಡಲ ಎಂಬ ಭಾಗವಿದೆ. ಅಪಾಯದ ಸುಳಿವು ಸಿಕ್ಕೊಡನೆ, ಅದು ನಿಜವೋ ಸುಳ್ಳೋ ಎಂದು ನಾವು ಯೋಚಿಸುವ ಮೊದಲೇ, ಅದು ಗಂಟೆ ಬಾರಿಸುತ್ತದೆ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತಿರುವ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಎದೆ ಹೊಡೆದುಕೊಳ್ಳುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ. ಕೂದಲಿನ ಬುಡದ ಪುಟ್ಟ ಸ್ನಾಯುಗಳು ಬಿಗಿದು ರೋಮ ನೆಟ್ಟಗಾಗುತ್ತದೆ. ಯೋಚಿಸುವ ಭಾಗ ಆಮೇಲೆ ಬಂದು "ಇದು ಪುಸ್ತಕ ಕಣಪ್ಪಾ" ಎಂದು ಸಮಾಧಾನ ಹೇಳುತ್ತದೆ. ಹೆದರಿ, ಸುಧಾರಿಸಿಕೊಂಡು, ಮತ್ತೆ ಪುಟ ತಿರುಗಿಸುವ ಮಗು ಈ ಎರಡನೆಯ ದನಿಗೆ ಕಿವಿಗೊಡುವ ಅಭ್ಯಾಸ ಮಾಡುತ್ತಿರುತ್ತದೆ.

ಇನ್ನು ನನ್ನ ಆಯ್ಕೆಗೆ ಬರೋಣ. ಎಲ್ಲಕ್ಕಿಂತ ಮೊದಲು ಬೇತಾಳ. ಕನ್ನಡ 'ಚಂದಮಾಮ' 1949ರಲ್ಲಿ ಶುರುವಾಯಿತು. ಹೆಗಲ ಮೇಲೆ ಶವ, ಕೈಯಲ್ಲಿ ಕತ್ತಿ, ಹಿಂದೆ ಬೋಳು ಮರ ಇರುವ ವಿಕ್ರಮನ ಚಿತ್ರವನ್ನು ಅದರಲ್ಲಿ ಬರೆದವರು ಶಂಕರ್. ಆ ಒಂದು ಚಿತ್ರಕ್ಕಾಗಿ ನಾವು ಪತ್ರಿಕೆಗೆ ಕಾದಿದ್ದುಂಟು. ಕತೆಗಳು ಮಾತ್ರ ಬಹಳ ಹಳೆಯವು. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಬರೆದ 'ಕಥಾಸರಿತ್ಸಾಗರ'ದಲ್ಲಿ ಇವೆ. ಆ ಗ್ರಂಥಕ್ಕೆ ಮೂಲ ಗುಣಾಢ್ಯನ 'ಬೃಹತ್ಕಥೆ', ಅದು ಪೈಶಾಚಿ ಭಾಷೆಯಲ್ಲಿತ್ತು ಎನ್ನುತ್ತಾರೆ. ಅಂದರೆ ನಮ್ಮ ಕತೆಗಳ ಅಜ್ಜಿ ಆಡಿದ್ದೇ ಪಿಶಾಚಿಗಳ ಭಾಷೆ!

ಬೇತಾಳ ಯಾರಿಗೂ ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ. ಕತೆ ಹೇಳಿ ಪ್ರಶ್ನೆ ಕೇಳುತ್ತದೆ, ಅಷ್ಟೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಹೋಳು, ಬಾಯಿ ಬಿಟ್ಟರೆ ಬೇತಾಳ ಮರಕ್ಕೆ ವಾಪಸು. ಮೌಖಿಕ ಪರೀಕ್ಷೆ ಎಂದರೆ ಇದು. ಕೊನೆಯ ಪ್ರಶ್ನೆ ನೋಡಿ: ಒಬ್ಬ ತಂದೆ ಮತ್ತು ಮಗ ಕಾಡಿನಲ್ಲಿ ಇಬ್ಬರು ಹೆಂಗಸರ ಹೆಜ್ಜೆ ಗುರುತು ಕಾಣುತ್ತಾರೆ. ದೊಡ್ಡ ಪಾದದವಳನ್ನು ತಂದೆ, ಚಿಕ್ಕ ಪಾದದವಳನ್ನು ಮಗ ಮದುವೆಯಾಗುವುದೆಂದು ಮಾತಾಗುತ್ತದೆ. ಅವರು ತಾಯಿ ಮತ್ತು ಮಗಳು. ಆದರೆ ದೊಡ್ಡ ಪಾದ ಮಗಳದು! ಮಾತಿನಂತೆ ತಂದೆಗೆ ಮಗಳು, ಮಗನಿಗೆ ತಾಯಿ ಹೆಂಡತಿಯಾದರು. ಈ ಎರಡು ಜೋಡಿಗೆ ಹುಟ್ಟುವ ಮಕ್ಕಳು ಪರಸ್ಪರ ಏನಾಗಬೇಕು? ರಾಜನಿಗೆ ತಿಳಿಯಲಿಲ್ಲ, ಸುಮ್ಮನೆ ನಡೆದ. ಆಗ ಬೇತಾಳ ಮೆಚ್ಚಿ ಒಂದು ಗುಟ್ಟು ಹೇಳುತ್ತದೆ: ನಿನ್ನನ್ನು ಈ ಶವ ತರಲು ಕಳಿಸಿದ ಸನ್ಯಾಸಿ ನಿನ್ನನ್ನೇ ಬಲಿ ಕೊಡಲು ಕಾದಿದ್ದಾನೆ, ಹುಷಾರು. ಇಡೀ ರಾತ್ರಿ ಸ್ಮಶಾನದಲ್ಲಿ ಓಡಾಡಿದ ರಾಜನಿಗೆ ದೆವ್ವದಿಂದ ಅಪಾಯವಿರಲಿಲ್ಲ. ಅಪಾಯವಿದ್ದದ್ದು ಮಂತ್ರ ಬಲ್ಲ ಮನುಷ್ಯನಿಂದ.

ಈ ಮಾತನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗನೊಬ್ಬ ಇದ್ದಕ್ಕಿದ್ದಂತೆ ಬಿದ್ದು ಕೈಕಾಲು ಸೆಟೆದುಕೊಳ್ಳುತ್ತಿದ್ದ. ಗಾಳಿ ಸೋಕಿದೆ ಎಂದು ಮನೆಯವರು ಒಬ್ಬನ ಬಳಿ ಕರೆದೊಯ್ದರು. ಮೆಣಸಿನಕಾಯಿ ಹೊಗೆ, ಬೇವಿನ ಬರಲಿನ ಏಟು, ಎರಡು ಕೋಳಿ, ಒಂದಿಷ್ಟು ದುಡ್ಡು. ಹುಡುಗನ ಬೆನ್ನ ಮೇಲಿನ ಬಾಸುಂಡೆ ನೋಡಿ ನಾವು ಇಬ್ಬರು ಮೇಷ್ಟ್ರು ಅವನ ತಂದೆಯ ಜೊತೆ ಕೂತು ಮಾತಾಡಿ ತುಮಕೂರಿಗೆ ಡಾಕ್ಟರ ಬಳಿ ಕಳಿಸಿದೆವು. ಅಪಸ್ಮಾರ. ದಿನವೂ ಮಾತ್ರೆ ತೆಗೆದುಕೊಂಡರೆ ಹತೋಟಿಯಲ್ಲಿರುವ ಕಾಯಿಲೆ. ಅವನು ಓದು ಮುಗಿಸಿ ಈಗ ಕೆಲಸದಲ್ಲಿದ್ದಾನೆ. ದೆವ್ವ ಬಿಡಿಸುವ ನೆಪದಲ್ಲಿ ಹೀಗೆ ಹಿಂಸೆ ಕೊಡುವುದು ಈಗ ಅಪರಾಧ. 2017ರಲ್ಲಿ ರೂಪುಗೊಂಡ ಕರ್ನಾಟಕದ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ. ಆ ಹುಡುಗ ಬೇತಾಳ ಕತೆ ಓದಿದ್ದನೋ ಇಲ್ಲವೋ, ಅವನ ಮನೆಯವರು ಓದಿದ್ದರೆ ಚೆನ್ನಾಗಿತ್ತು.

ಹೈಸ್ಕೂಲಿನವರಿಗೆ ಹಳಗನ್ನಡದ ರುಚಿ ಹತ್ತಿಸಲು ರನ್ನನ 'ಗದಾಯುದ್ಧ'ದ ರಣರಂಗಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ದುರ್ಯೋಧನ ಹೆಣಗಳ ನಡುವೆ ಕಾಲಿಡಲು ಜಾಗವಿಲ್ಲದೆ ನಡೆಯುತ್ತಾನೆ, ಸುತ್ತ ಮರುಳುಗಳ ಕುಣಿತ. ಮರುಳು ಎಂದರೆ ಪಿಶಾಚಿಯೂ ಹೌದು, ಹುಚ್ಚೂ ಹೌದು. ಕನ್ನಡ ಮೇಷ್ಟ್ರನ್ನು ಕೇಳಿ ಆ ಭಾಗ ಗಟ್ಟಿಯಾಗಿ ಓದಿಸಿಕೊಳ್ಳಿ. ಕುವೆಂಪು ಅವರ 'ರಕ್ತಾಕ್ಷಿ' ಷೇಕ್ಸ್‌ಪಿಯರನ 'ಹ್ಯಾಮ್ಲೆಟ್' ನಾಟಕವನ್ನು ಬಿದನೂರಿಗೆ ತಂದ ಕೃತಿ. ಮೂಲ ನಾಟಕದಲ್ಲಿ ನನಗೆ ಇಷ್ಟವಾಗುವುದು ಒಂದು ಸಂಗತಿ. ಅಪ್ಪನ ಪ್ರೇತವೇ ಬಂದು ಕೊಲೆಗಾರ ಇಂಥವನು ಎಂದು ಹೇಳಿದರೂ ಹ್ಯಾಮ್ಲೆಟ್ ಹಾಗೆಯೇ ನಂಬುವುದಿಲ್ಲ. ಅದೇ ಕೊಲೆಯಂಥ ನಾಟಕವನ್ನು ಆಡಿಸಿ, ಚಿಕ್ಕಪ್ಪನ ಮುಖ ಹೇಗಾಗುತ್ತದೆಂದು ನೋಡುತ್ತಾನೆ. ಪ್ರೇತದ ಮಾತಿಗೂ ಪುರಾವೆ ಬೇಕು!

'ಫ್ರಾಂಕೆನ್‌ಸ್ಟೈನ್' ಹುಟ್ಟಿದ ಬಗೆಯಂತೂ ವಿಜ್ಞಾನದ ಪಾಠವೇ. 1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಆಕಾಶಕ್ಕೇರಿದ ಗಂಧಕದ ಅನಿಲದಿಂದಾದ ಸೂಕ್ಷ್ಮ ಹನಿಗಳ ತೆರೆ ಭೂಮಿಯನ್ನು ಸುತ್ತಿ ಬಿಸಿಲನ್ನು ತಡೆಯಿತು. 1816ರಲ್ಲಿ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಂಡೆಯ ಮನೆಯಲ್ಲಿ ಮಳೆಗೆ ಸಿಕ್ಕಿ ಕೂತ ಗೆಳೆಯರಿಗೆ ಕವಿ ಬೈರನ್, ಎಲ್ಲರೂ ಒಂದೊಂದು ದೆವ್ವದ ಕತೆ ಬರೆಯೋಣ ಎಂದ. ಅವರಲ್ಲಿ ಮೇರಿ ಎಂಬ ಹುಡುಗಿಗೆ ಆಗ 18 ವರ್ಷ, ನಮ್ಮ ಪಿಯುಸಿ ಮುಗಿಸಿದವರ ವಯಸ್ಸು. ಸತ್ತ ಕಪ್ಪೆಯ ಕಾಲು ವಿದ್ಯುತ್ತಿಗೆ ಅದುರುತ್ತದೆ ಎಂದು ಗಾಲ್ವಾನಿ ತೋರಿಸಿದ್ದ ಕಾಲ ಅದು. ಹಾಗಾದರೆ ಸತ್ತ ಮನುಷ್ಯ? ಆ ಪ್ರಶ್ನೆಯೇ 1818ರಲ್ಲಿ ಮೇರಿ ಶೆಲ್ಲಿಯ ಕಾದಂಬರಿಯಾಗಿ ಪ್ರಕಟವಾಯಿತು. ಸಿನಿಮಾ ನೋಡಿದವರು ಫ್ರಾಂಕೆನ್‌ಸ್ಟೈನ್ ಎಂದರೆ ರಾಕ್ಷಸ ಎಂದುಕೊಂಡಿದ್ದಾರೆ. ಅದು ಅವನನ್ನು ಸೃಷ್ಟಿಸಿ, ಹೇಸಿ, ಬಿಟ್ಟು ಓಡಿದ ವಿದ್ಯಾರ್ಥಿಯ ಹೆಸರು. ಪಾಪದ ರಾಕ್ಷಸನಿಗೆ ಹೆಸರೇ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಹೆದರಿಸುವ ಪುಸ್ತಕದಲ್ಲಿ ಮಾತ್ರ ದೆವ್ವವೇ ಇಲ್ಲ. ಜಿಮ್ ಕಾರ್ಬೆಟ್ ಅವರ ಅನುಭವವನ್ನು ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದ 'ರುದ್ರಪ್ರಯಾಗದ ಭಯಾನಕ ನರಭಕ್ಷಕ'. 1918ರಿಂದ 1926ರವರೆಗೆ ಕೇದಾರ, ಬದರಿಯ ಯಾತ್ರಾ ದಾರಿಯಲ್ಲಿ ಒಂದೇ ಚಿರತೆ ಸರ್ಕಾರಿ ಲೆಕ್ಕದಲ್ಲಿ 125 ಜನರನ್ನು ಕೊಂದಿತು. ಸೂರ್ಯ ಮುಳುಗಿದರೆ ಹಳ್ಳಿಗಳಲ್ಲಿ ಉಸಿರಾಟದ ಸದ್ದೂ ಇಲ್ಲ. ಇದು ಪ್ರಾಣಿಯಲ್ಲ, ರಾತ್ರಿ ರೂಪ ಬದಲಿಸುವ ಪಿಶಾಚಿ ಎಂದು ಜನ ನಂಬಿದರು. ಒಮ್ಮೆ ಒಬ್ಬ ಸಾಧುವನ್ನೇ ಹಿಡಿದು, ಇವನೇ ಅದು ಎಂದು ಕೊಲ್ಲಲು ಹೊರಟರು. ಅಲ್ಲಿದ್ದ ಅಧಿಕಾರಿ ಜಾಣ. "ನೀವು ಹೇಳುವುದು ಸರಿಯಿರಬಹುದು, ಆದರೆ ಸಾಬೀತಾಗಲಿ, ಹಗಲೂ ರಾತ್ರಿ ಇವನನ್ನು ಕಾವಲಿನಲ್ಲಿಡೋಣ" ಎಂಬರ್ಥದ ಮಾತಾಡಿದ. ಏಳು ದಿನ ಊರೇ ಕಾವಲು ಕೂತಿತು. ಎಂಟನೆಯ ಬೆಳಿಗ್ಗೆ, ಹಿಂದಿನ ರಾತ್ರಿ ಮೈಲಿಗಳಾಚೆಯ ಹಳ್ಳಿಯಲ್ಲಿ ಚಿರತೆ ಒಬ್ಬನನ್ನು ಹೊತ್ತೊಯ್ದ ಸುದ್ದಿ ಬಂತು. ಸಾಧು ಬದುಕಿಕೊಂಡ. ಪ್ರಯೋಗ ಎಂದರೇನು ಎಂದು ತರಗತಿಯಲ್ಲಿ ವಿವರಿಸುವಾಗ ನಾನು ಪ್ರನಾಳಕ್ಕಿಂತ ಮೊದಲು ಈ ಕತೆ ಹೇಳುತ್ತೇನೆ. 1926ರ ಮೇ 2ರಂದು ಕಾರ್ಬೆಟ್ ಗುಂಡಿಗೆ ಸಿಕ್ಕಿದ್ದು ಹಲ್ಲು ಸವೆದ ಒಂದು ಮುದಿ ಗಂಡು ಚಿರತೆ.

ನಮ್ಮ ಮಕ್ಕಳಿಗೆ ಇದು ದೂರದ ಕತೆಯಲ್ಲ. 2019ರ ಕೊನೆಯಿಂದ 2020ರ ಆರಂಭದವರೆಗೆ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳಲ್ಲಿ ಪುಟ್ಟ ಮಕ್ಕಳೂ ಸೇರಿ ಹಲವರು ಚಿರತೆಗೆ ಬಲಿಯಾದರು. ಆ ತಿಂಗಳುಗಳಲ್ಲಿ ಸಂಜೆಯಾದರೆ ಮಕ್ಕಳನ್ನು ಹೊರಗೆ ಬಿಡಲು ತಾಯಂದಿರು ನಡುಗುತ್ತಿದ್ದರು. ಭಯ ಪಡಬೇಕಾದ ಭಯ ಅದು. ಕತ್ತಲಾದ ಮೇಲೆ ಒಬ್ಬರೇ ಹೋಗಬಾರದು, ಟಾರ್ಚು ಬೇಕು, ಕೊಟ್ಟಿಗೆಗೆ ಬಾಗಿಲಿರಬೇಕು, ಮನೆ ಸುತ್ತಲ ಪೊದೆ ಸವರಬೇಕು. ಹುಣಸೆಮರದ ದೆವ್ವಕ್ಕೆ ಹೆದರಿ ಸುಸ್ತಾದ ಮನಸ್ಸಿಗೆ ಇಂಥ ಎಚ್ಚರಕ್ಕೆ ಪುರುಸೊತ್ತು ಇರುವುದಿಲ್ಲ.

ತಪ್ಪು ಭಯಕ್ಕೆ ಬಲಿಯಾಗುವವರಲ್ಲಿ ಮನುಷ್ಯರಲ್ಲದವರೂ ಇದ್ದಾರೆ. ನಮ್ಮ ತಾಲ್ಲೂಕಿನ ನಾಗವಲ್ಲಿಯ ಸುತ್ತಮುತ್ತ ಕಾಡುಪಾಪಗಳಿವೆ. ಅಂಗೈಯಲ್ಲಿ ಕೂರುವಷ್ಟು ಪ್ರಾಣಿ, ಹುಳುಹುಪ್ಪಟೆ ತಿಂದು ಬದುಕುತ್ತದೆ. ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಪದರವಿರುವುದರಿಂದ ಟಾರ್ಚಿನ ಬೆಳಕಿಗೆ ಕೊಂಬೆಯ ಮೇಲೆ ಎರಡು ಕೆಂಡ ಹೊಳೆದಂತೆ ಕಾಣುತ್ತದೆ. ಆ ಕಣ್ಣಿಗಾಗಿಯೇ ಮಾಟ ಮಂತ್ರದವರು ಇದನ್ನು ಹಿಡಿಯುತ್ತಾರೆ. ಕಾನೂನಿನ ರಕ್ಷಣೆಯಿದೆ, ಆದರೂ ಹಿಡಿಯುತ್ತಾರೆ. ದೀಪಾವಳಿಯ ಅಮಾವಾಸ್ಯೆ ಹತ್ತಿರವಾದಾಗ ಗೂಬೆಗಳಿಗೂ ಇದೇ ಗತಿ.

ಪುಸ್ತಕ ಎಲ್ಲಿ ಸಿಗುತ್ತದೆ ಎಂದರೆ, ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಮಾಡಿಕೊಟ್ಟರು, ಹೋಗಿ ಕೇಳಿ. ಪ್ರೈಮರಿಯವರಿಗೆ ಬೇತಾಳ ಸಾಕು, ಅದೂ ದೊಡ್ಡವರು ಪಕ್ಕದಲ್ಲಿ ಕೂತು ಓದಿ ಹೇಳಿದರೆ ಒಳ್ಳೆಯದು. ರುದ್ರಪ್ರಯಾಗ ಎಂಟನೇ ತರಗತಿಯ ನಂತರ ಇರಲಿ. ಶಾಲೆಯ ವಾರ್ಷಿಕೋತ್ಸವಕ್ಕೆ ಬೇತಾಳನ ಕತೆಯೊಂದನ್ನು ನಾಟಕ ಆಡಿಸುವುದೂ ಸುಲಭ. ಒಂದು ಬಿಳಿ ಪಂಚೆ, ಒಂದು ರಟ್ಟಿನ ಕತ್ತಿ, ಸ್ವಲ್ಪ ಸಾಂಬ್ರಾಣಿ ಹೊಗೆ ಸಾಕು. ಬೇತಾಳನ ಪಾತ್ರಕ್ಕೆ ಮಾತ್ರ ತೂಕ ಕಡಿಮೆಯಿರುವ ಹುಡುಗನನ್ನೇ ಆರಿಸಿ. ಅರ್ಧ ಗಂಟೆ ಹೊರಬೇಕಾದ ವಿಕ್ರಮಾದಿತ್ಯ ಏಳನೇ ತರಗತಿಯವನು.