ಆಪರೇಷನ್‌ಗೆ ಮುಂಚೆ ಬಾಯಿ ತೋರಿಸಿ

ತಾಳವಾಡಿ ಬೆಟ್ಟದ ಜನಕ್ಕೆ ದೊಡ್ಡ ಆಪರೇಷನ್ ಅಂದರೆ ಎರಡೇ ದಾರಿ. ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲ, ಈರೋಡು, ಕೊಯಮತ್ತೂರು. ಇಲ್ಲವೇ ಗಡಿ ದಾಟಿ ಚಾಮರಾಜನಗರ, ಅಲ್ಲಿಂದ ಸುಮಾರು 60 ಕಿ.ಮೀ. ಮೈಸೂರು. ಯಾವ ಕಡೆ ಹೋದರೂ ರೋಗಿಯ ಕೂಲಿ ಹೋಗುತ್ತೆ, ಜತೆಗೆ ಬಂದವರ ಕೂಲಿಯೂ ಹೋಗುತ್ತೆ. ಅಷ್ಟೆಲ್ಲ ಮಾಡಿ ಹೋದ ಮೇಲೆ 'ಹಲ್ಲು ಸರಿಯಿಲ್ಲ, ಮೊದಲು ಅದನ್ನು ತೋರಿಸಿಕೊಂಡು ಬನ್ನಿ' ಎಂದು ವಾಪಸ್ ಕಳಿಸಿದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ಎದೆ ಆಪರೇಷನ್‌ಗೂ ಹಲ್ಲಿಗೂ ಏನು ಸಂಬಂಧ ಎಂದು ಕೇಳುವವರೇ ಹೆಚ್ಚು.

ಸಂಬಂಧ ಇದೆ. ಕೆಟ್ಟ ಹಲ್ಲು, ಕೀವು ತುಂಬಿದ ವಸಡಿನಲ್ಲಿರುವ ಬ್ಯಾಕ್ಟೀರಿಯಾ ಬಾಯಲ್ಲೇ ಕೂರುವುದಿಲ್ಲ, ರಕ್ತಕ್ಕೆ ಇಳಿಯುತ್ತದೆ. ಹೃದಯಕ್ಕೆ ಹೊಸ ಕವಾಟ ಹಾಕಿಸಿಕೊಂಡವರಲ್ಲಿ ಅದು ಕವಾಟಕ್ಕೇ ಹೋಗಿ ಅಂಟಿಕೊಂಡರೆ ಜೀವಕ್ಕೇ ಅಪಾಯ. ಹಾಗಾಗಿಯೇ ಕವಾಟ ಬದಲಾಯಿಸುವ ಮುಂಚೆ ಹಲ್ಲಿನ ಡಾಕ್ಟರ ಬಳಿ ಕಳಿಸುವುದು. ಆಪರೇಷನ್ ಆದ ಮೇಲೂ ಇದು ಮುಗಿಯುವುದಿಲ್ಲ. ಕೃತಕ ಕವಾಟ ಇರುವವರು ಮುಂದೆ ಯಾವಾಗ ಹಲ್ಲು ಕೀಳಿಸಿದರೂ ಮೊದಲೇ ಹೇಳಬೇಕು, ಕೀಳುವ ಮುನ್ನ ಆ್ಯಂಟಿಬಯೋಟಿಕ್ ತೆಗೆದುಕೊಳ್ಳಬೇಕು. ಎಲ್ಲ ಹೃದ್ರೋಗಿಗಳಿಗೂ ಇದು ಬೇಡ, ಹೆಚ್ಚು ಅಪಾಯ ಇರುವವರಿಗೆ ಸಾಕು ಎಂದು ಅಮೆರಿಕದ ಹೃದ್ರೋಗ ಸಂಘ 2007ರಲ್ಲೇ ಹೇಳಿದೆ. ಯಾರಿಗೆ ಬೇಕು ಅನ್ನುವುದನ್ನು ಡಾಕ್ಟರು ತೀರ್ಮಾನಿಸಬೇಕು, ಮೆಡಿಕಲ್ ಸ್ಟೋರಿನವರಲ್ಲ. ಹಾಗೆಯೇ ರಕ್ತ ತೆಳುವಾಗಿಸುವ ಮಾತ್ರೆಯನ್ನು ಹಲ್ಲು ಕೀಳಿಸಬೇಕು ಅಂತ ತಾವೇ ನಿಲ್ಲಿಸುವುದು ದೊಡ್ಡ ತಪ್ಪು.

ಇನ್ನು ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡುವ ಆಪರೇಷನ್. ಇದರಲ್ಲಿ ಅರಿವಳಿಕೆ ಡಾಕ್ಟರು ಸಾಮಾನ್ಯವಾಗಿ ಬಾಯಿ ಮೂಲಕ ಉಸಿರಿನ ನಾಳಕ್ಕೆ ಟ್ಯೂಬ್ ಇಳಿಸುತ್ತಾರೆ. ಅಲ್ಲಾಡುವ ಹಲ್ಲಿದ್ದರೆ ಅದು ಕಿತ್ತು ಬಂದು ಶ್ವಾಸಕೋಶದೊಳಗೆ ಬೀಳಬಹುದು. ಕಟ್ಟಿಸಿದ ಹಲ್ಲಿನ ಕಥೆಯೂ ಅಷ್ಟೇ.

ಇಲ್ಲಿ ಭಾಷೆಯ ತೊಡಕೂ ಒಂದಿದೆ. ಈ ವರದಿಗಾರನ ಮನೆಮಾತು ಮರಾಠಿ, ಹೊರಗೆ ಕನ್ನಡ. ತಂದೆಯವರ ಹರ್ನಿಯಾ ಆಪರೇಷನ್ ದಿನ ನರ್ಸಮ್ಮ 'ಪಲ್ ಸೆಟ್ ಇರುಕ್ಕಾ?' ಎಂದು ತಮಿಳಿನಲ್ಲಿ ಕೇಳಿದರು. ತಂದೆ ಏನೋ ಅರ್ಥ ಮಾಡಿಕೊಂಡು 'ಇಲ್ಲ' ಎಂದು ತಲೆ ಆಡಿಸಿದರು. ಸ್ಟ್ರೆಚರ್ ಹೊರಟ ಮೇಲೆ ನೆನಪಾಗಿ ಓಡಿಹೋಗಿ ಮೇಲಿನ ಸೆಟ್ಟು ಬಿಚ್ಚಿಸಿ ಜೇಬಿಗೆ ಹಾಕಿಕೊಂಡಿದ್ದಾಯಿತು. ಈಗ ನಗುತ್ತೇವೆ, ಅವತ್ತು ಕೈಕಾಲು ನಡುಗಿತ್ತು. ಸಹಿ ಹಾಕಿದ್ದ ಫಾರಂ ತಮಿಳು, ಇಂಗ್ಲಿಷಿನಲ್ಲಿತ್ತು. ಕನ್ನಡ ಶಾಲೆಯಲ್ಲಿ ಓದಿದ ಬೆಟ್ಟದ ಹಿರಿಯರು ಅದನ್ನು ಓದುವುದು ಹೇಗೆ?

ಎಲೆ ಅಡಿಕೆ, ಹೊಗೆಸೊಪ್ಪಿನ ವಿಚಾರ ಬೇರೆಯೇ ಹೇಳಬೇಕು. ನಮ್ಮ ಕಡೆ ಅದಿಲ್ಲದ ಮನೆ ಹುಡುಕಬೇಕು. ವರ್ಷಗಟ್ಟಲೆ ಅಡಿಕೆ ಜಗಿದವರ ಕೆನ್ನೆಯ ಒಳಪದರ ಕೆಲವರಲ್ಲಿ ಬಿಗಿದುಕೊಂಡು, ಬಾಯಿ ಮೂರು ಬೆರಳು ಹಿಡಿಸುವಷ್ಟೂ ತೆರೆಯುವುದಿಲ್ಲ. ಅಂಥವರಿಗೆ ಟ್ಯೂಬ್ ಇಳಿಸುವುದೇ ಸಾಹಸ. 'ಬಾಯಿ ತೆರೀರಿ, ನಾಲಿಗೆ ಚಾಚಿ' ಎಂದು ಡಾಕ್ಟರು ಹೇಳುವುದು ಇದನ್ನು ನೋಡಲಿಕ್ಕೇ. ಭಾರತ ಮೂಲದ ಡಾ. ಮಲ್ಲಂಪಾಟಿ 1985ರಲ್ಲಿ ತಿಳಿಸಿದ ಈ ಪರೀಕ್ಷೆ ಇವತ್ತು ಜಗತ್ತಿನಾದ್ಯಂತ ಅವರ ಹೆಸರಿನಲ್ಲೇ ಇದೆ. ಗುಟ್ಕಾವನ್ನು ಎರಡೂ ರಾಜ್ಯಗಳು 2013ರಲ್ಲೇ ನಿಷೇಧಿಸಿವೆ. ಆದರೂ ಅಂಗಡಿಗೆ ಹೇಗೆ ಬರುತ್ತೆ ಎಂದು ಗಡಿಯವರಿಗೆ ಹೇಳಿಕೊಡಬೇಕಿಲ್ಲ.

ಉಪವಾಸದ ಬೆಳಿಗ್ಗೆ ಹಲ್ಲುಜ್ಜಬಾರದು ಎಂಬ ತಪ್ಪು ತಿಳಿವಳಿಕೆಯೂ ಇದೆ. ಉಜ್ಜಿ, ನೀರು ನುಂಗದೆ ಉಗುಳಿದರೆ ಏನೂ ಆಗುವುದಿಲ್ಲ. ಬಾಯಿಯ ಕೊಳೆ ಉಸಿರಿನ ಜತೆ ಒಳಗೆ ಇಳಿದು ಆಪರೇಷನ್ ನಂತರ ನ್ಯುಮೋನಿಯಾ ಬರುವುದುಂಟು. ವೆಂಟಿಲೇಟರ್‌ನಲ್ಲಿರುವವರಿಗಂತೂ ಆ ಭಯ ಇನ್ನೂ ಹೆಚ್ಚು. ಜಪಾನಿನಲ್ಲಿ ಆಪರೇಷನ್‌ಗೆ ಮುಂಚೆ, ಆಮೇಲೆ ಬಾಯಿಯ ಆರೈಕೆ ಮಾಡುವುದನ್ನು 2012ರಲ್ಲೇ ಸರ್ಕಾರಿ ವಿಮೆಗೆ ಸೇರಿಸಿದರು. ಬಾಯಿ, ಗಂಟಲಿನ ಕ್ಯಾನ್ಸರಿಗೆ ಕರೆಂಟ್ ಕೊಡಿಸುವವರು ಕೆಟ್ಟ ಹಲ್ಲನ್ನು ಮೊದಲೇ ಕೀಳಿಸಿ ಗಾಯ ಮಾಗಲು ಎರಡು ವಾರವಾದರೂ ಬಿಡಬೇಕು. ಆಮೇಲೆ ಕಿತ್ತರೆ ದವಡೆ ಮೂಳೆಯೇ ಕೊಳೆಯಬಹುದು.

ಅಪಘಾತ, ಅಪೆಂಡಿಕ್ಸ್ ಒಡೆದಂಥ ತುರ್ತಿನಲ್ಲಿ ಹಲ್ಲು ನೋಡುತ್ತ ಕೂರಲು ಆಗುವುದಿಲ್ಲ, ಸರಿ. ಆದರೆ ತಿಂಗಳ ಮುಂಚೆ ತಾರೀಕು ಕೊಟ್ಟ ಆಪರೇಷನ್‌ಗೆ ಏನು ಅಡ್ಡಿ? ತಮಿಳುನಾಡು ಸರ್ಕಾರ 2021ರ ಆಗಸ್ಟ್‌ನಲ್ಲಿ ಆರಂಭಿಸಿದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯಲ್ಲಿ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಮನೆ ಬಾಗಿಲಿಗೇ ಬಂತು. ಹಾಗೆ ಬರುವವರು ಆಪರೇಷನ್ ತಾರೀಕು ಸಿಕ್ಕವರ ಬಾಯನ್ನೂ ಒಮ್ಮೆ ನೋಡಲಿ. ದೊಡ್ಡಾಸ್ಪತ್ರೆಗೆ ಬರೆಯುವ ಚೀಟಿಯಲ್ಲಿ 'ಹಲ್ಲು ನೋಡಿದೆ' ಎಂಬ ಒಂದು ಸಾಲಿಗೆ ಜಾಗ ಇರಲಿ. ಅಲ್ಲಾಡುವ ಹಲ್ಲು, ಕಟ್ಟಿಸಿದ ಹಲ್ಲು, ಹೊಗೆಸೊಪ್ಪು, ಈಗ ನುಂಗುತ್ತಿರುವ ಮಾತ್ರೆ - ಈ ನಾಲ್ಕು ಪ್ರಶ್ನೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಲು ಈರೋಡು ಜಿಲ್ಲಾಡಳಿತಕ್ಕೆ ಎಷ್ಟು ಖರ್ಚಾದೀತು? ಅರ್ಧ ಹಾಳೆ ಸಾಕು.